ಬಲ ಶ್ವಾಸಕೋಶದ ನೆತ್ತಿಯಲ್ಲೊಂದು ಮಸುಕು

ಈ ಪ್ರಕರಣವನ್ನು ಬರೆಯಲು ರೋಗಿಯ ಒಪ್ಪಿಗೆ ಇದೆ. ಅವರು ಹಾಕಿದ ಷರತ್ತು ಒಂದೇ: ಓದಿದವರು ನೆಂಟರೇ ಆಗಿದ್ದರೂ ಇದು ಯಾರ ಕಥೆಯೆಂದು ತಿಳಿಯಬಾರದು. ಹಾಗಾಗಿ ಊರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಅದಲುಬದಲು ಮಾಡಿದ್ದೇನೆ. ಸ್ಕ್ಯಾನ್, ರಕ್ತಪರೀಕ್ಷೆ ಮತ್ತು ನಾವು ಮಾಡಿದ ತಪ್ಪು ಮಾತ್ರ ಇದ್ದ ಹಾಗೆಯೇ ಇವೆ.

ಹಿನ್ನೆಲೆ

ನಲವತ್ತರ ಆಸುಪಾಸಿನ ಹೆಂಗಸು, ಮಲೆನಾಡಿನ ಕಡೆಯವರು. ಕರಿಮಣಿ ಸರದ ಕೊಂಡಿ ಹಾಕುವಾಗ ಕುತ್ತಿಗೆಯ ಬಲಬದಿಯಲ್ಲಿ ಗಂಟೊಂದು ಕೈಗೆ ತಾಕಿತ್ತು. ನೋವಿಲ್ಲವಲ್ಲ ಎಂದು ಎಂಟು ತಿಂಗಳು ಸುಮ್ಮನಿದ್ದರು. ಸೂಜಿ ಪರೀಕ್ಷೆಯಲ್ಲಿ ಪ್ಯಾಪಿಲರಿ ಕಾರ್ಸಿನೋಮ ಎಂದು ಬಂತು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಅತಿ ಸಾಮಾನ್ಯವಾದದ್ದೂ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದೂ ಇದೇ. ಬೇರೊಂದು ಆಸ್ಪತ್ರೆಯಲ್ಲಿ ಇಡೀ ಗ್ರಂಥಿಯನ್ನು ತೆಗೆದರು. ಗಡ್ಡೆ 2.4 ಸೆಂಟಿಮೀಟರ್. ಜೊತೆಗೆ ತೆಗೆದ ಒಂಬತ್ತು ದುಗ್ಧಗ್ರಂಥಿಗಳಲ್ಲಿ ಮೂರಕ್ಕೆ ರೋಗ ಹತ್ತಿತ್ತು.

ಐದು ವಾರಗಳ ನಂತರ ವಿಕಿರಣಶೀಲ ಅಯೋಡಿನ್ ಚಿಕಿತ್ಸೆಗೆ ನಮ್ಮಲ್ಲಿಗೆ ಬಂದರು. ಅಲ್ಲಿಯವರೆಗೆ ಥೈರಾಕ್ಸಿನ್ ಮಾತ್ರೆ ಶುರು ಮಾಡಿರಲಿಲ್ಲ. ದೇಹದಲ್ಲಿ ಥೈರಾಯ್ಡ್ ಹಾರ್ಮೋನು ಬತ್ತಿದಷ್ಟೂ ಟಿಎಸ್‌ಎಚ್, ಅಂದರೆ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು, ಏರುತ್ತದೆ; ಅದು ಏರಿದಷ್ಟೂ ಉಳಿದ ಥೈರಾಯ್ಡ್ ಜೀವಕೋಶಗಳು ಅಯೋಡಿನ್‌ಗೆ ಹಸಿಯುತ್ತವೆ. 30 ದಾಟಿದರೆ ಸಾಕು ಎನ್ನುವ ಕಡೆ ಇವರದು 78 ಇತ್ತು. ಎರಡು ವಾರ ಅಯೋಡಿನ್ ಕಡಿಮೆ ಇರುವ ಊಟ ಮಾಡಿದ್ದರು. ಹಾಲು, ಮೊಟ್ಟೆ, ಸಮುದ್ರದ ಮೀನು ಬಿಡುವುದು ಅವರಿಗೆ ಕಷ್ಟವಾಗಿರಲಿಲ್ಲ. ಅಯೋಡಿನ್ ಬೆರೆಸದ ಉಪ್ಪು ಹುಡುಕಲು ಗಂಡ ಮೂರು ಪೇಟೆ ಸುತ್ತಿದ್ದರಂತೆ.

ಅಯೋಡಿನ್ ಕೊಡುವ ಮುನ್ನ ತೆಗೆದ ರಕ್ತದಲ್ಲಿ ಥೈರೊಗ್ಲೋಬುಲಿನ್ ಮಿಲಿಲೀಟರಿಗೆ 1.8 ನ್ಯಾನೋಗ್ರಾಂ ಇತ್ತು. ಈ ಪ್ರೋಟೀನನ್ನು ತಯಾರಿಸುವುದು ಥೈರಾಯ್ಡ್ ಜೀವಕೋಶಗಳು ಮತ್ತು ಅವುಗಳಿಂದ ಹುಟ್ಟಿದ ಕ್ಯಾನ್ಸರ್ ಜೀವಕೋಶಗಳು ಮಾತ್ರ. ಅಳತೆಯನ್ನು ಕೆಡಿಸಬಲ್ಲ ಪ್ರತಿಕಾಯಗಳು ಇರಲಿಲ್ಲ. ಆ ಅಂಕಿಯನ್ನು ನಾನು ಅಂದು ನೋಡಿದೆ, ಕಡತದಲ್ಲಿ ಬರೆದೆ, ಮರೆತೆ. 100 ಮಿಲಿಕ್ಯೂರಿ ಅಯೋಡಿನ್-131 ನುಂಗಿಸಿ ಪ್ರತ್ಯೇಕ ಕೋಣೆಗೆ ಕಳುಹಿಸಿದೆವು.

ಕಡತದಲ್ಲಿ ‘ಹಿಂದಿನ ಕಾಯಿಲೆಗಳು’ ಎಂಬ ಸಾಲಿನ ಮುಂದೆ ‘ಇಲ್ಲ’ ಎಂದಿತ್ತು. ಆ ಪ್ರಶ್ನೆ ಕೇಳಿದಾಗ ಕೋಣೆಯಲ್ಲಿ ಗಂಡ, ಅತ್ತೆ, ನಾದಿನಿ ಇದ್ದರು. ಉತ್ತರ ಕೊಟ್ಟದ್ದು ಅತ್ತೆ.

ಐದನೆಯ ದಿನ

ಚಿಕಿತ್ಸೆಯ ನಂತರದ ಸ್ಕ್ಯಾನ್‌ನಲ್ಲಿ ಹೊಸದಾಗಿ ಏನನ್ನೂ ಚುಚ್ಚಬೇಕಿಲ್ಲ. ನುಂಗಿದ ಅಯೋಡಿನ್ ಹೊರಸೂಸುವ ಗಾಮಾ ಕಿರಣಗಳನ್ನೇ ಕ್ಯಾಮೆರಾ ಹಿಡಿಯುತ್ತದೆ. ರೋಗಿ ಅಲ್ಲಾಡದೆ ಮಲಗಿದರೆ ಸಾಕು, ಪರದೆಯ ಮೇಲೆ ದೇಹ ಚುಕ್ಕಿಚುಕ್ಕಿಯಾಗಿ ಮೂಡುತ್ತದೆ. ಕುತ್ತಿಗೆಯಲ್ಲಿ ಎರಡು ಪ್ರಖರ ಬಿಂದುಗಳು ಕಂಡವು. ಎಷ್ಟು ಚೆನ್ನಾಗಿ ಶಸ್ತ್ರಚಿಕಿತ್ಸೆ ಮಾಡಿದರೂ ಉಳಿಯುವ ಥೈರಾಯ್ಡ್ ಚೂರುಗಳು ಅವು. ಲಾಲಾಗ್ರಂಥಿಗಳು, ಜಠರ, ಕರುಳು, ಮೂತ್ರಕೋಶ, ತೆಳುವಾಗಿ ಯಕೃತ್ತು. ಇಷ್ಟು ನಿರೀಕ್ಷಿತ. ಇವಲ್ಲದೆ ಇನ್ನೆರಡು ಕಡೆ ಅಯೋಡಿನ್ ಕಂಡಿತು: ಸೊಂಟದ ಎಡಬದಿಯಲ್ಲಿ ಕಣ್ಣು ಕುಕ್ಕುವ ಒಂದು ಬಿಂದು, ಎದೆಯ ಬಲ ಮೇಲ್ಭಾಗದಲ್ಲಿ ಅಂಚಿಲ್ಲದ ಒಂದು ಮಸುಕು.

ಸೊಂಟದ ಬಿಂದು ನೋಡಿದವರಿಗೆ ಮೂಳೆಗೆ ಹರಡಿದೆ ಎಂದೇ ಅನ್ನಿಸಬೇಕು, ಹಾಗಿತ್ತು. ನಮ್ಮ ಹಿರಿಯ ತಂತ್ರಜ್ಞೆ ಮಾತ್ರ ಪರದೆಯಿಂದ ಕಣ್ಣು ತೆಗೆದು ರೋಗಿಯನ್ನೇ ಒಮ್ಮೆ ನೋಡಿದರು. ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ ಇನ್ನೊಂದು ಚಿತ್ರ ತೆಗೆದರು. ಬಿಂದು ಚರ್ಮದ ಹೊರಗೆ, ಗಾಳಿಯಲ್ಲಿ ನಿಂತಿತ್ತು. “ಸೊಂಟದಲ್ಲಿ ಏನು ಸಿಕ್ಕಿಸಿಕೊಂಡಿದ್ದೀರಿ?” ಎಂದರು. ಸೀರೆಯ ನೆರಿಗೆಯ ಪಕ್ಕದಿಂದ ನಾಲ್ಕು ಮಡಿಕೆಯ ಒಂದು ಕರವಸ್ತ್ರ ಹೊರಬಂತು. ಜೊಲ್ಲು ಹರಿಯುತ್ತಿರಲಿ ಎಂದು ನಾವೇ ನಿಂಬೆಹುಳಿಯ ಪೆಪ್ಪರಮಿಂಟ್ ಚೀಪಲು ಹೇಳಿದ್ದೆವು. ಬಾಯಿ ಒರೆಸಿಕೊಂಡ ಬಟ್ಟೆ ಅದು. ಪ್ರತ್ಯೇಕ ಕೋಣೆಯಿಂದ ಹೊರಡುವಾಗ ಅಲ್ಲೇ ಬಿಟ್ಟು ಬರಬೇಕಿತ್ತು. ಮಗಳು ಕಸೂತಿ ಹಾಕಿದ್ದು ಎಂದು ಜೊತೆಗೇ ತಂದಿದ್ದರು. ಕರವಸ್ತ್ರವನ್ನು ಒಂದನ್ನೇ ಕ್ಯಾಮೆರಾದ ಕೆಳಗೆ ಇಟ್ಟೆವು. ಮಡಿಕೆಯ ಗೆರೆಗಳ ಸಮೇತ ಬೆಳಗಿತು. ರೋಗಿಯೂ ನಕ್ಕರು.

ಆ ನಗುವೇ ನಮ್ಮನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ. ಒಂದು ಒಗಟು ಹತ್ತು ನಿಮಿಷದಲ್ಲಿ ಬಿಡಿಸಿದ ಹುಮ್ಮಸ್ಸಿನಲ್ಲಿ ಎರಡನೆಯದಕ್ಕೂ ಅದೇ ಮದ್ದು ಮಾಡಿದೆವು. ರವಿಕೆ ಬದಲಿಸಿ, ಎದೆ ಮತ್ತು ಬೆನ್ನು ತೊಳೆದು, ಜಡೆಯನ್ನು ಮೇಲೆ ಕಟ್ಟಿ ಮತ್ತೆ ಚಿತ್ರ ತೆಗೆದೆವು. ಮಸುಕು ಅಲ್ಲೇ ಇತ್ತು. ಹಾಗಾದರೆ ಒಳಗಿನದೇ. ಒಳಗಿನದು ಎಂದ ಮೇಲೆ ಶ್ವಾಸಕೋಶ. ಥೈರಾಯ್ಡ್ ಕ್ಯಾನ್ಸರ್ ರೋಗಿಯ ಶ್ವಾಸಕೋಶದಲ್ಲಿ ಅಯೋಡಿನ್ ಎಂದ ಮೇಲೆ…

ಆ ವಾಕ್ಯವನ್ನು ನಾನು ಮುಗಿಸಿಬಿಟ್ಟೆ. ನಮ್ಮ ಕ್ಯಾಮೆರಾದಲ್ಲಿ ಸ್ಪೆಕ್ಟ್-ಸಿಟಿ ಸೌಲಭ್ಯ ಇದೆ. ಅಯೋಡಿನ್ ಎಲ್ಲಿದೆ ಎಂಬುದನ್ನು ಸಿಟಿ ಚಿತ್ರದ ಮೇಲೆ ಪದರಪದರವಾಗಿ ಕೂರಿಸಿ ತೋರಿಸುತ್ತದೆ. ಇಪ್ಪತ್ತು ಮೂವತ್ತು ನಿಮಿಷದ ಕೆಲಸ. ಅಂದು ಹೊರಗೆ ಇನ್ನೂ ಐವರು ಕಾದಿದ್ದರು. ಕುತ್ತಿಗೆಗೆ ಮಾತ್ರ ಮಾಡಿ ಎದೆಯನ್ನು ಬಿಟ್ಟೆವು. ‘ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಅಯೋಡಿನ್ ಹೀರುವ ಹರಡುವಿಕೆ ಇರುವ ಸಾಧ್ಯತೆ’ ಎಂದು ತಾತ್ಕಾಲಿಕ ವರದಿ ಬರೆದು ಸಹಿ ಹಾಕಿದ್ದು ನಾನು.

ವರದಿ ಹೊರಟ ಮೇಲೆ

ತಾತ್ಕಾಲಿಕ ಎಂಬ ಪದಕ್ಕೆ ಆಸ್ಪತ್ರೆಯ ಗೇಟಿನ ಹೊರಗೆ ಬೆಲೆ ಇಲ್ಲ. ಶಸ್ತ್ರಚಿಕಿತ್ಸಕರು ವರದಿ ಓದಿ ಮನೆಯವರಿಗೆ ಶ್ವಾಸಕೋಶಕ್ಕೆ ಹರಡಿದೆ, ಆರು ತಿಂಗಳ ನಂತರ ಇನ್ನೂ ದೊಡ್ಡ ಡೋಸ್ ಬೇಕಾದೀತು ಎಂದರು. ಅವರ ತಪ್ಪೇನೂ ಇಲ್ಲ, ನಾನು ಬರೆದದ್ದನ್ನೇ ಹೇಳಿದರು. ಗಂಡ ಊರಿಗೆ ಹೋದವರೇ ಆ ವರ್ಷದ ಅಡಿಕೆ ಫಸಲನ್ನು ಚೇಣಿಗೆ ಕೊಟ್ಟು ಮುಂಗಡ ಹಣ ತಂದರು. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ವೈದ್ಯರ ಸಮಾಲೋಚನಾ ಸಭೆ ಬುಧವಾರ ಇತ್ತು. ಹಿಂದಿನ ರಾತ್ರಿ ಕಡತ ತಿರುವುವಾಗ 1.8 ಎಂಬ ಅಂಕಿ ಮತ್ತೆ ಕಣ್ಣಿಗೆ ಬಿತ್ತು. ಕುತ್ತಿಗೆಯಲ್ಲಿ ಉಳಿದ ಚೂರುಗಳೇ ಅಷ್ಟು ಥೈರೊಗ್ಲೋಬುಲಿನ್ ಮಾಡಬಲ್ಲವು. ಟಿಎಸ್‌ಎಚ್ 78 ಇರುವಾಗ, ಅಷ್ಟು ಅಯೋಡಿನ್ ಕುಡಿಯುವ ಕ್ಯಾನ್ಸರ್ ಶ್ವಾಸಕೋಶದಲ್ಲಿ ಕೂತಿದ್ದರೆ ಅಂಕಿ ಹತ್ತುಗಳಲ್ಲಿ, ನೂರುಗಳಲ್ಲಿ ಇರಬೇಕಲ್ಲವೇ? ಥೈರೊಗ್ಲೋಬುಲಿನ್ ಮಾಡುವುದನ್ನು ಮರೆತ ಕ್ಯಾನ್ಸರುಗಳೂ ಇವೆ. ಆದರೆ ಅವು ಸಾಮಾನ್ಯವಾಗಿ ಅಯೋಡಿನ್ ಹೀರುವುದನ್ನೂ ಮರೆತಿರುತ್ತವೆ. ಒಂದನ್ನು ಮರೆತು ಇನ್ನೊಂದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡದ್ದು ಅಪರೂಪ.

ಮೊದಲು ಅನುಮಾನಿಸಿದ್ದು ಪ್ರಯೋಗಾಲಯವನ್ನೇ. ಥೈರೊಗ್ಲೋಬುಲಿನ್ ವಿಪರೀತ ಹೆಚ್ಚಿದ್ದಾಗ ಕೆಲವು ಯಂತ್ರಗಳು ಎಡವಿ ಕಡಿಮೆ ಅಂಕಿ ತೋರಿಸುವುದುಂಟು. ಮಾದರಿಯನ್ನು ತೆಳುವಾಗಿಸಿ ಮತ್ತೆ ಅಳೆದರೆ ಗುಟ್ಟು ರಟ್ಟಾಗುತ್ತದೆ. ಹೊಸ ರಕ್ತ ತೆಗೆದು ಪ್ರಯೋಜನವಿರಲಿಲ್ಲ, ಏಕೆಂದರೆ ಅಯೋಡಿನ್ ಏಟಿಗೆ ಸಾಯುವ ಜೀವಕೋಶಗಳೇ ಥೈರೊಗ್ಲೋಬುಲಿನ್ ಚೆಲ್ಲುತ್ತವೆ. ಪುಣ್ಯಕ್ಕೆ ಚಿಕಿತ್ಸೆಗೆ ಮುಂಚಿನ ಮಾದರಿ ಫ್ರೀಜರಿನಲ್ಲಿತ್ತು. ತೆಳುವಾಗಿಸಿ ಅಳೆದರು. ಅಂಕಿ ಕದಲಲಿಲ್ಲ.

ಇನ್ನೊಂದು ಸಂಗತಿ ಯಾವ ಪರೀಕ್ಷೆಯೂ ಇಲ್ಲದೆ ಕಾಣುತ್ತಿತ್ತು. ಪ್ಯಾಪಿಲರಿ ಕ್ಯಾನ್ಸರ್ ರಕ್ತದ ಮೂಲಕ ಶ್ವಾಸಕೋಶ ತಲುಪಿದರೆ ಎರಡೂ ಬದಿಗೆ ಕಾಳು ಎರಚಿದ ಹಾಗೆ ಹರಡುವುದೇ ಹೆಚ್ಚು. ಒಂದೇ ಬದಿ, ಅದೂ ನೆತ್ತಿಯ ಭಾಗ ಎಂದರೆ ನಮ್ಮ ದೇಶದಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗೂ ಮೊದಲು ನೆನಪಾಗುವುದು ಬೇರೊಂದು ಕಾಯಿಲೆ. ನನಗೆ ನೆನಪಾಗಲು ಆರು ದಿನ ಬೇಕಾಯಿತು.

ಸಭೆಯಲ್ಲಿ ಮೂರು ಅಭಿಪ್ರಾಯ ಬಂದವು. ಆರು ತಿಂಗಳ ನಂತರ 200 ಮಿಲಿಕ್ಯೂರಿ ಕೊಡೋಣ ಎಂದು ಒಬ್ಬರು. ಈಗಲೇ ಪೆಟ್-ಸಿಟಿ ಮಾಡಿಸೋಣ ಎಂದು ಇನ್ನೊಬ್ಬರು. ಸೂಜಿ ಹಾಕಿ ತುಣುಕು ತೆಗೆಯೋಣ ಎಂದು ಮತ್ತೊಬ್ಬರು. ಪೆಟ್ ಬೇಡವೆಂದೆ. ಅದರಲ್ಲಿ ಚುಚ್ಚುವ ಸಕ್ಕರೆಯನ್ನು ಕ್ಯಾನ್ಸರ್ ತಿನ್ನುವಷ್ಟೇ ಆಸೆಯಿಂದ ಉರಿಯೂತವೂ ತಿನ್ನುತ್ತದೆ. ಇನ್ನೊಂದು ಬೆಳಕು ಕಂಡರೆ ಗೊಂದಲ ಇಮ್ಮಡಿಯಾಗುತ್ತಿತ್ತು, ಖರ್ಚು ಬೇರೆ. ಎರಡು ದಿನ ಕೊಡಿ, ಎದೆಯ ಸ್ಪೆಕ್ಟ್-ಸಿಟಿ ಮಾಡಿಬಿಡುತ್ತೇನೆ ಎಂದೆ. ಅಯೋಡಿನ್-131 ಎಂಟು ದಿನಕ್ಕೆ ಅರ್ಧವಾಗುತ್ತದೆ. ದೇಹದಿಂದ ಹೊರಹೋಗುವುದು ಸೇರಿದರೆ ಇನ್ನೂ ಬೇಗ. ಮುಂದಿನ ವಾರವೆಂದರೆ ನೋಡಲು ಏನೂ ಉಳಿಯುತ್ತಿರಲಿಲ್ಲ.

ಹನ್ನೆರಡನೆಯ ದಿನ

ಶುಕ್ರವಾರ ಅವರು ಬಂದರು. ಈ ಸಲ ಕರವಸ್ತ್ರ ಮನೆಯಲ್ಲೇ ಬಿಟ್ಟಿದ್ದೇನೆ ಎಂದು ಅವರೇ ಹೇಳಿದರು.

ಕ್ಯಾಮೆರಾ ತಿರುಗುತ್ತಿರುವಾಗ ಗಂಡ ತಂದಿದ್ದ ಜವಳಿ ಅಂಗಡಿಯ ಚೀಲವನ್ನು ಮೇಜಿನ ಮೇಲೆ ಸುರಿಸಿಕೊಂಡು ಕೂತೆ. ನಮ್ಮ ರೋಗಿಗಳ ಇಡೀ ವೈದ್ಯಕೀಯ ಚರಿತ್ರೆ ಇಂಥ ಚೀಲಗಳಲ್ಲೇ ಇರುತ್ತದೆ. ನಾವು ಮೇಲಿನ ನಾಲ್ಕು ಹಾಳೆ ನೋಡಿ ಹಿಂದಿರುಗಿಸುತ್ತೇವೆ. ತಳದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆಯವರು ತೆಗೆಸಿದ್ದ ಎದೆಯ ಎಕ್ಸ್‌ರೇ ಇತ್ತು. ಜೊತೆಗಿದ್ದ ಚೀಟಿಯಲ್ಲಿ ಒಂದು ಸಾಲು: ಬಲ ಮೇಲ್ಭಾಗದಲ್ಲಿ ಹಳೆಯ ನಾರುಗಟ್ಟಿದ ಗೆರೆಗಳು. ನಮ್ಮ ಸ್ಕ್ಯಾನ್‌ಗಿಂತ ಎರಡು ತಿಂಗಳು ಹಿಂದಿನ ಚೀಟಿ.

ಸ್ಪೆಕ್ಟ್-ಸಿಟಿಯಲ್ಲಿ ಕುತ್ತಿಗೆಯ ಬಿಂದುಗಳು ಇನ್ನೂ ಗಟ್ಟಿಯಾಗಿದ್ದವು. ಎದೆಯ ಮಸುಕು ಬಹಳ ತೆಳುವಾಗಿತ್ತು, ಆದರೆ ಇತ್ತು. ಅದರ ಕೆಳಗೆ ಕಂಡದ್ದು ಗಡ್ಡೆಯಲ್ಲ, ಗಂಟಲ್ಲ. ಬಲ ಶ್ವಾಸಕೋಶದ ಮೇಲಿನ ಹಾಲೆ ಮುದುಡಿ ಶ್ವಾಸನಾಳವನ್ನು ತನ್ನತ್ತ ಎಳೆದುಕೊಂಡಿತ್ತು. ಒಳಗಿನ ಕವಲು ನಾಳಗಳು ಹಿಗ್ಗಿ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತಿದ್ದವು. ಪಕ್ಕದ ದುಗ್ಧಗ್ರಂಥಿಗಳಲ್ಲಿ ಸುಣ್ಣ ಕಟ್ಟಿತ್ತು. ಅಯೋಡಿನ್ ಆ ಹಿಗ್ಗಿದ ನಾಳಗಳ ಮೇಲೇ ಕರಾರುವಾಕ್ಕಾಗಿ ಕೂತಿತ್ತು. ಬ್ರಾಂಕಿಯೆಕ್ಟಾಸಿಸ್. ಇಂಥ ಕಡೆ ಕಫ ನಿಲ್ಲುತ್ತದೆ, ಉರಿಯೂತದಿಂದ ರಕ್ತದ ಹರಿವು ಹೆಚ್ಚಿರುತ್ತದೆ, ರಕ್ತನಾಳಗಳು ಸೋರುತ್ತವೆ. ಅಯೋಡಿನ್ ಸಿಕ್ಕಿಕೊಳ್ಳಲು ಅಷ್ಟು ಸಾಕು.

ಬಟ್ಟೆ ಬದಲಿಸುವ ಕೋಣೆಯಲ್ಲಿ ತಂತ್ರಜ್ಞೆ ಮತ್ತು ರೋಗಿ ಇಬ್ಬರೇ ಇದ್ದರು. “ಮದುವೆಗೆ ಮುಂಚೆ ಯಾವಾಗಲಾದರೂ ಬಹಳ ದಿನ ಕೆಮ್ಮಿತ್ತೇ?” ಎಂದು ಕೇಳಿದರಂತೆ. ಸ್ವಲ್ಪ ಹೊತ್ತು ಉತ್ತರವಿಲ್ಲ. ಆಮೇಲೆ ರವಿಕೆಯ ಗುಂಡಿ ಹಾಕುತ್ತಲೇ ಹೇಳಿದರು. ಹದಿನೇಳನೆಯ ವಯಸ್ಸಿನಲ್ಲಿ ಕ್ಷಯ. ಊರಿನವರಿಗೆ ತಿಳಿಯಬಾರದೆಂದು ತಾಯಿ ಅವರನ್ನು ಸೋದರಮಾವನ ಮನೆಯಲ್ಲಿ ಇಟ್ಟಿದ್ದರು. ಎರಡು ತಿಂಗಳು ದಿನವೂ ಸೂಜಿ, ಆಮೇಲೆ ಮಾತ್ರೆ. ಮೂರು ವರ್ಷದ ನಂತರ ಮದುವೆ. ಗಂಡನಿಗೆ ಇಂದಿಗೂ ಗೊತ್ತಿಲ್ಲ. “ಕ್ಯಾನ್ಸರ್ ಎಂದರೆ ಅಯ್ಯೋ ಅನ್ನುತ್ತಾರೆ. ಆ ಕಾಯಿಲೆಗೆ ಮೋಸ ಅನ್ನುತ್ತಾರೆ,” ಎಂದರಂತೆ.

ಏನನ್ನು ಬರೆಯುವುದು, ಯಾರಿಗೆ ಹೇಳುವುದು

ರೋಗ ಗುರುತಿಸುವುದಕ್ಕಿಂತ ಕಷ್ಟದ್ದು ಇಲ್ಲಿಂದ ಶುರುವಾಯಿತು. ಗುಟ್ಟು ಕಾಯುತ್ತೇನೆಂದು ಸುಮ್ಮನೆ ಮಾತು ಕೊಡುವ ಹಾಗಿರಲಿಲ್ಲ. ಹಳೆಯ ಕ್ಷಯದ ಗಾಯದ ಗುರುತು ಯಾರಿಗೂ ಅಂಟುವುದಿಲ್ಲ. ಆದರೆ ಅದು ಮತ್ತೆ ಎದ್ದಿದ್ದರೆ? ಸಕ್ರಿಯ ಕ್ಷಯವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿ ಆಸ್ಪತ್ರೆಗಳಿಗೂ ಕಡ್ಡಾಯ, ಮನೆಯವರನ್ನೂ ಪರೀಕ್ಷಿಸಬೇಕಾಗುತ್ತದೆ. ಅವರೊಬ್ಬರನ್ನೇ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಕಫದಲ್ಲಿ ಕ್ರಿಮಿ ಸಿಗದಿದ್ದರೆ ಈ ಮಾತು ಇಲ್ಲಿಗೇ ಮುಗಿಯಿತು, ಸಿಕ್ಕರೆ ಮಕ್ಕಳ ಸಲುವಾಗಿ ನಾವಿಬ್ಬರೂ ಸೇರಿ ನಿಮ್ಮ ಗಂಡನಿಗೆ ಹೇಳಬೇಕು. ಒಪ್ಪಿದರು. ಶ್ವಾಸಕೋಶ ತಜ್ಞರು ನೋಡಿದರು. ಕಫದ ಜೀನ್ ಪರೀಕ್ಷೆ ಎರಡು ದಿನದಲ್ಲಿ ಬಂತು, ಕ್ರಿಮಿ ಇಲ್ಲ. ಕಲ್ಚರಿಗೆ ಆರು ವಾರ ಕಾಯಬೇಕಿತ್ತು. ಆ ಆರು ವಾರ ಅವರು ಪ್ರತಿ ಸೋಮವಾರ ಫೋನ್ ಮಾಡಿದರು, ಕ್ಯಾನ್ಸರ್ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಕೊನೆಗೆ ಏನೂ ಬೆಳೆಯಲಿಲ್ಲ.

ತುಣುಕು ತೆಗೆಯುವ ಯೋಚನೆ ಕೈಬಿಟ್ಟೆವು. ರೂಪ, ಜಾಗ, ಚರಿತ್ರೆ, ಥೈರೊಗ್ಲೋಬುಲಿನ್ ನಾಲ್ಕೂ ಒಂದೇ ಮಾತು ಹೇಳುವಾಗ ಹಿಗ್ಗಿದ ನಾಳಗಳ ನಡುವೆ ಸೂಜಿ ಹಾಕಿ ರಕ್ತ ಕಾರಿಸುವುದು ಸರಿಯೆನಿಸಲಿಲ್ಲ. ಪರಿಷ್ಕೃತ ವರದಿಯಲ್ಲಿ ‘ಹಳೆಯ ಸೋಂಕಿನ ನಂತರದ ಬ್ರಾಂಕಿಯೆಕ್ಟಾಸಿಸ್, ಹರಡುವಿಕೆಯ ಲಕ್ಷಣಗಳಿಲ್ಲ’ ಎಂದು ಬರೆದೆ. ಯಾವ ಸೋಂಕು ಎಂದು ಬರೆಯಲಿಲ್ಲ. ಚಿಕಿತ್ಸೆಗೆ ಆ ಪದ ಬೇಕಿರಲಿಲ್ಲ, ಬರೆದದ್ದರಲ್ಲಿ ಸುಳ್ಳೂ ಇರಲಿಲ್ಲ. ಸಹೋದ್ಯೋಗಿಯೊಬ್ಬರು ಇದನ್ನು ಇಂದಿಗೂ ಒಪ್ಪುವುದಿಲ್ಲ. ವರದಿ ಇರುವುದು ಮುಂದಿನ ವೈದ್ಯರಿಗಾಗಿ, ಮನೆಯವರಿಗಾಗಿ ಅಲ್ಲ ಎಂಬುದು ಅವರ ವಾದ. ನಮ್ಮ ಕಡೆ ವರದಿಯನ್ನು ಮೊದಲು ಓದುವುದು ಯಾರು ಎಂದು ನಾನು ಕೇಳಿದೆ.

ಗಂಡನಿಗೆ ಕರೆದು ಹೇಳಿದೆ: ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗಿಲ್ಲ, ಹಳೆಯ ಸೋಂಕಿನ ಕಲೆ ಅದು, ಮೊದಲು ಹೇಳಿದ್ದು ನನ್ನ ತಪ್ಪು. ಅವರು ಬಹಳ ಹೊತ್ತು ವರದಿಯನ್ನೇ ನೋಡುತ್ತ ಕೂತರು. ಆಮೇಲೆ “ಹಾಗಾದರೆ ಇನ್ನೊಂದು ಡೋಸ್ ಇಲ್ಲ?” ಎಂದರು. ಇಲ್ಲ ಎಂದೆ. ಚೇಣಿಯ ವಿಷಯ ಹೇಳಿದ್ದು ಆಗ. ಆ ಸಲ ಧಾರಣೆ ಏರಿತ್ತು.

ರೋಗಿಯ ಪಾಲಿಗೆ ಬರದೆ ತಪ್ಪಿದ್ದು ಏನೇನು ಎಂದರೆ: 200 ಮಿಲಿಕ್ಯೂರಿಯ ಒಂದು ಡೋಸ್, ಅದರೊಂದಿಗೆ ಬರುವ ಒಣ ಬಾಯಿ, ಮಜ್ಜೆಯ ಮೇಲಿನ ಹೊರೆ, ಮುಂದೆಂದೋ ಇನ್ನೊಂದು ಕ್ಯಾನ್ಸರಿನ ಸಣ್ಣ ಅಪಾಯ, ಆ ಡೋಸಿಗಾಗಿ ಥೈರಾಕ್ಸಿನ್ ಮಾತ್ರೆ ನಿಲ್ಲಿಸಿ ಮತ್ತೆ ತಿಂಗಳುಗಟ್ಟಲೆ ಮಂಕಾಗಿರುವುದು. ಹಂತವೂ ಬದಲಾಗುತ್ತಿತ್ತು. 2018ರಿಂದ ಬಳಕೆಯಲ್ಲಿರುವ ವಿಂಗಡಣೆಯಲ್ಲಿ 55ಕ್ಕಿಂತ ಕಡಿಮೆ ವಯಸ್ಸಿನವರಿಗೆ ದೂರದ ಅಂಗಕ್ಕೆ ಹರಡಿದ್ದರೆ ಎರಡನೆಯ ಹಂತ, ಇಲ್ಲದಿದ್ದರೆ ಮೊದಲನೆಯದು.

ಈಗ ನಾವು ನಡೆದುಕೊಳ್ಳುವ ರೀತಿ

ಅಯೋಡಿನ್ ಕಂಡ ಕಡೆಯೆಲ್ಲ ಥೈರಾಯ್ಡ್ ಇದೆ ಎಂಬ ನಂಬಿಕೆಗೆ ಹಳೆಯ ಬೇರುಗಳಿವೆ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಸೀಡ್ಲಿನ್ ಮತ್ತು ಸಂಗಡಿಗರು 1946ರಲ್ಲಿ ಪ್ರಕಟಿಸಿದ ರೋಗಿಯಲ್ಲಿ, ಗ್ರಂಥಿ ತೆಗೆದು ಎಷ್ಟೋ ವರ್ಷದ ಮೇಲೂ ಹರಡಿದ ಗಡ್ಡೆಗಳು ಅಯೋಡಿನ್ ಹೀರುತ್ತಿದ್ದವು. ಈ ಚಿಕಿತ್ಸೆ ಬೆಳೆದದ್ದೇ ಆ ಬೆರಗಿನಿಂದ. ಅಯೋಡಿನನ್ನು ಜೀವಕೋಶದೊಳಗೆ ಎಳೆದುಕೊಳ್ಳುವ ಪ್ರೋಟೀನಿನ ಜೀನ್ ಸಿಕ್ಕಿದ್ದು 1996ರಲ್ಲಿ. ಅದು ಲಾಲಾಗ್ರಂಥಿ, ಜಠರ, ಹಾಲೂಡುವ ಸ್ತನಗಳಲ್ಲೂ ಇದೆ. ಅದಿಲ್ಲದ ಕಡೆಯೂ ಅಯೋಡಿನ್ ಸುಮ್ಮನೆ ನಿಂತುಬಿಡುತ್ತದೆ. ಮೂತ್ರಪಿಂಡದ ನೀರುಗುಳ್ಳೆ ಬೆನ್ನುಮೂಳೆಯ ಪಕ್ಕ ಬೆಳಗಿ ಮೂಳೆರೋಗದ ವೇಷ ಹಾಕಿದ್ದನ್ನು ನೋಡಿದ್ದೇನೆ. ಹುಳುಕು ಹಲ್ಲು ದವಡೆಯಲ್ಲಿ ಮಿನುಗಿದ್ದನ್ನೂ, ವೃಷಣದ ಸುತ್ತಲಿನ ನೀರು, ಅಂಡಾಶಯದ ಗುಳ್ಳೆ, ಹರೆಯದವರ ಥೈಮಸ್ ಗ್ರಂಥಿ ಬೆಳಗಿದ್ದನ್ನೂ ನೋಡಿದ್ದೇನೆ. ಇಷ್ಟೆಲ್ಲ ನೋಡಿಯೂ ಅಂದು ಎಡವಿದೆ. ತಿಳಿವಳಿಕೆ ಕಡಿಮೆಯಾಗಿರಲಿಲ್ಲ, ಹೊರಗೆ ಐವರು ಕಾದಿದ್ದರು, ಅಷ್ಟೇ.

ಹಾಗಾಗಿ ಈಗ ವಿವರಣೆ ಸಿಗದ ಯಾವ ಬೆಳಕು ಕಂಡರೂ ರೋಗಿ ಮೇಜಿನಿಂದ ಇಳಿಯುವ ಮುನ್ನವೇ ಆ ಜಾಗಕ್ಕೆ ಸ್ಪೆಕ್ಟ್-ಸಿಟಿ ಆಗುತ್ತದೆ, ಹೊರಗೆ ಎಷ್ಟೇ ಜನ ಇರಲಿ. ವರದಿಯ ಮೊದಲ ಸಾಲಿನಲ್ಲೇ ಥೈರೊಗ್ಲೋಬುಲಿನ್ ಮತ್ತು ಪ್ರತಿಕಾಯದ ಅಂಕಿ ಬರೆಯುತ್ತೇವೆ, ಚಿತ್ರ ಓದುವವನ ಕಣ್ಣಿಗೆ ಅದು ಬೀಳದೆ ಇರಬಾರದು ಎಂದು. ಚೀಲವನ್ನು ತಳದವರೆಗೂ ಸುರಿಸುತ್ತೇವೆ. ಹಿಂದಿನ ಕಾಯಿಲೆಗಳ ಪ್ರಶ್ನೆಯನ್ನು ರೋಗಿಯೊಬ್ಬರೇ ಇರುವಾಗ ಇನ್ನೊಮ್ಮೆ ಕೇಳುವ ಕೆಲಸ ತಂತ್ರಜ್ಞರದು. ಅವರಿಗೆ ಸಿಗುವ ಉತ್ತರ ಬಿಳಿ ಕೋಟಿಗೆ ಸಿಗುವುದಿಲ್ಲ.

ಒಂದು ವರ್ಷದ ನಂತರ ಮಾತ್ರೆ ನಿಲ್ಲಿಸಿ ಸಣ್ಣ ಡೋಸಿನ ಸ್ಕ್ಯಾನ್ ಮಾಡಿದೆವು. ಕುತ್ತಿಗೆ ಸ್ವಚ್ಛ. ಟಿಎಸ್‌ಎಚ್ ಏರಿದ್ದರೂ ಥೈರೊಗ್ಲೋಬುಲಿನ್ 0.2ಕ್ಕಿಂತ ಕಡಿಮೆ. ಎದೆಯ ಬಲ ನೆತ್ತಿಯಲ್ಲಿ ಮಾತ್ರ ಅದೇ ಮಸುಕು, ಹಿಂದಿನದಕ್ಕಿಂತ ತೆಳುವಾಗಿ, ಮತ್ತೆ ಮೂಡಿತ್ತು. ಮುಂದೆ ಬೇರೆ ಊರಿನಲ್ಲಿ ಬೇರೆ ಯಾರಾದರೂ ಈ ಚಿತ್ರ ನೋಡಿ ನಾನು ಮುಗಿಸಿದ ವಾಕ್ಯವನ್ನೇ ಮುಗಿಸಿಯಾರು ಎಂಬ ಭಯ ಹುಟ್ಟಿ, ಸದಾ ಜೊತೆಗಿಟ್ಟುಕೊಳ್ಳಲು ಒಂದು ಪತ್ರ ಬರೆದುಕೊಡುತ್ತೇನೆ ಎಂದೆ. ಅವರೂ ಓದುವಂತಿರಲಿ ಎಂದು ಕನ್ನಡದಲ್ಲಿ ಶುರು ಮಾಡಿದ್ದೆ. ಎರಡು ಸಾಲು ಆಗುವಷ್ಟರಲ್ಲಿ ತಡೆದರು.

“ಇಂಗ್ಲಿಷಿನಲ್ಲೇ ಇರಲಿ ಡಾಕ್ಟರೇ. ಅತ್ತೆ ಕನ್ನಡ ಓದುತ್ತಾರೆ.”